ನಡುಗುವ ಹ್ಯಾಂಡಲ್

ತುಮಕೂರಿನಿಂದ ಗುಬ್ಬಿಗೆ ಹೋಗುವ ಹೆದ್ದಾರಿಯಲ್ಲಿ, ಮಲ್ಲಸಂದ್ರ ಕಳೆದು ರಸ್ತೆ ಬಿಡುವಾಗಿ ಕಂಡೊಡನೆ, ಸೈಡ್‌ಕಾರ್ ಜೋಡಿಸಿದ ಮೋಟಾರ್ ಸೈಕಲ್ಲಿನ ಸವಾರನಿಗೆ ಒಂದು ಬಗೆಯ ಗಾಂಭೀರ್ಯ ತಾನಾಗಿಯೇ ಬಂದುಬಿಡುತ್ತದೆ. ಮೂರು ಚಕ್ರಗಳ ಮೇಲೆ ನಿಂತ ವಾಹನ. ಪಕ್ಕಕ್ಕೆ ಉರುಳುವ ಅಂಜಿಕೆಯಿಲ್ಲ. ಎಡಗಡೆಯ ತೊಟ್ಟಿಲಿನಂತಹ ಆಸನದಲ್ಲಿ ತಾಯಿಯೋ ಮಡದಿಯೋ ಮಗುವನ್ನು ತೊಡೆಯ ಮೇಲಿರಿಸಿಕೊಂಡು ನೆಮ್ಮದಿಯಾಗಿ ಕುಳಿತಿರುತ್ತಾರೆ. ಮುಂದೆ ಊರು ಬಂದಿತೆಂದು ಸವಾರ ವೇಗ ತಗ್ಗಿಸುತ್ತಾನೆ. ಗಂಟೆಗೆ 50 ಕಿಲೋಮೀಟರ್ ಇದ್ದದ್ದು 35ಕ್ಕೆ ಇಳಿಯುತ್ತದೆ. ಪರಿಚಿತರಾರನ್ನೋ ಕಂಡು ಅವನು ಒಂದು ಕೈಯೆತ್ತಿದನೋ ಇಲ್ಲವೋ, ಹ್ಯಾಂಡಲ್ಲು ಒಲ್ಲೆನೆಂದು ತಲೆಯಾಡಿಸುವ ಹಟಮಾರಿ ಮಗುವಿನಂತೆ ಎಡಕ್ಕೂ ಬಲಕ್ಕೂ ಅದುರತೊಡಗುತ್ತದೆ. ಸೆಕೆಂಡಿಗೆ ನಾಲ್ಕಾರು ಸಲ. ಒಂದೊಂದು ಸಲಕ್ಕೂ ಇನ್ನಷ್ಟು ಅಗಲವಾಗಿ. ಗಾಂಭೀರ್ಯ ಎತ್ತಲೋ ಹಾರಿಹೋಗುತ್ತದೆ. ಎರಡು ಕೈಗಳಿಂದ ಬಿಗಿಯಾಗಿ ಹಿಡಿದಾಗ ಅದುರಾಟ ನಿಲ್ಲುತ್ತದೆ. ಪಕ್ಕದಲ್ಲಿ ಕುಳಿತವರು ಮಾತ್ರ ಗುಬ್ಬಿ ತಲಪುವವರೆಗೂ ಮಾತನಾಡುವುದಿಲ್ಲ.

ಇದು ಹಳೆಯ ಕಾಯಿಲೆ. 1920ರ ದಶಕದಲ್ಲಿ ಕಾರುಗಳ ಮುಂದಿನ ಚಕ್ರಗಳಿಗೆ ಇದೇ ರೋಗ ತಗುಲಿದಾಗ, ಆ ಕಾಲದ ಅಮೆರಿಕದಲ್ಲಿ ಮೈ ಕುಲುಕಿಸಿ ಕುಣಿಯುತ್ತಿದ್ದ ‘ಶಿಮ್ಮಿ’ ಎಂಬ ನೃತ್ಯದ ಹೆಸರನ್ನೇ ಜನ ಅದಕ್ಕೂ ಇಟ್ಟರು. ವಿಮಾನಗಳ ಮೂಗಿನಡಿಯ ಚಕ್ರಕ್ಕೂ ಇದೇ ಚಾಳಿಯುಂಟು. ಆದಕಾರಣವೇ ಅನೇಕ ಸಣ್ಣ ವಿಮಾನಗಳ ಮುಂಗಾಲಿಗೆ ನಡುಕವನ್ನು ನುಂಗುವ ಒಂದು ಪುಟ್ಟ ಉಪಕರಣವನ್ನು ಕಟ್ಟಿರುತ್ತಾರೆ. ಹೀಗಿರುವಾಗ ನಮ್ಮ ಬುಲೆಟ್ಟಿನ ಸವಾರ ತನ್ನೊಬ್ಬನ ಗ್ರಹಚಾರವೆಂದು ಹಳಿದುಕೊಳ್ಳಬೇಕಾದ್ದಿಲ್ಲ.

ಸೈಡ್‌ಕಾರ್ ಈಗ ಅಪರೂಪದ ವಸ್ತು. ಕಾರೆಂಬುದು ಶ್ರೀಮಂತರ ಸೊತ್ತಾಗಿದ್ದ ಕಾಲದಲ್ಲಿ ಅದು ಗುಮಾಸ್ತರ, ಉಪಾಧ್ಯಾಯರ, ಸಣ್ಣ ವರ್ತಕರ ಸಂಸಾರರಥವಾಗಿತ್ತು. ಮದರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಕಾರ್ಖಾನೆ ತಲೆಯೆತ್ತಿತು. ಮೈಸೂರಿನ ಐಡಿಯಲ್ ಜಾವಾ 1961ರಿಂದ 1996ರವರೆಗೆ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. ಹೊಸ ತಲೆಮಾರಿಗೆ ಸೈಡ್‌ಕಾರಿನ ನೆನಪು ಇರುವುದು ಬಹುಮಟ್ಟಿಗೆ ‘ಶೋಲೆ’ ಚಿತ್ರದಿಂದ. ಕುಣಿಗಲ್ಲಿಗೆ ಅಷ್ಟೇನೂ ದೂರವಲ್ಲದ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ಆ ಚಿತ್ರದ ಗೆಳೆತನದ ಹಾಡಿನಲ್ಲಿ ಸೈಡ್‌ಕಾರ್ ಬೇರ್ಪಟ್ಟು ತನ್ನ ಪಾಡಿಗೆ ಓಡಿ, ಮತ್ತೆ ಬಂದು ಕೂಡಿಕೊಳ್ಳುತ್ತದೆ. ನಿಜಜೀವನದ ಬೋಲ್ಟುಗಳಿಗೆ ಅಷ್ಟು ಸಂಗೀತಜ್ಞಾನವಿಲ್ಲ. ಇತ್ತೀಚೆಗೆ ಅಜ್ಜನ ಕಾಲದ ಗಾಡಿಗಳನ್ನು ಕೊಟ್ಟಿಗೆಯಿಂದ ಹೊರಗೆಳೆದು ಹೊಳಪು ಕೊಡಿಸುವ ಹವ್ಯಾಸ ಬೆಳೆಯುತ್ತಿರುವುದರಿಂದ, ಮರೆತುಹೋಗಿದ್ದ ಈ ನಡುಕದ ಪ್ರಶ್ನೆಯೂ ಮರಳಿ ಬಂದಿದೆ.

ನಡುಕ ಹುಟ್ಟುವುದೇಕೆ? ಆಸ್ಪತ್ರೆಯಲ್ಲಿ ರೋಗಿಗಳನ್ನು ಸಾಗಿಸುವ ತಳ್ಳುಗಾಡಿಯ ಚಕ್ರವನ್ನು ಓದುಗರು ಗಮನಿಸಿರಬಹುದು. ಗಾಡಿಯನ್ನು ಮುಂದಕ್ಕೆ ತಳ್ಳಿದೊಡನೆ ಚಕ್ರ ತಾನಾಗಿಯೇ ತಿರುಗಿ, ತನ್ನ ಕೀಲಿನ ಹಿಂದೆ ಬಾಲದಂತೆ ಹಿಂಬಾಲಿಸುತ್ತದೆ. ತುಸು ಬಿರುಸಾಗಿ ತಳ್ಳಿದರೆ ಪಟಪಟನೆ ಅಲ್ಲಾಡಲೂ ತೊಡಗುತ್ತದೆ. ಮೋಟಾರ್ ಸೈಕಲ್ಲಿನ ಮುಂದಿನ ಚಕ್ರವೂ ಇಂತಹದೇ ಬಾಲ. ಹ್ಯಾಂಡಲ್ಲು ತಿರುಗುವ ಕೀಲಿನ ಉದ್ದಕ್ಕೆ ಒಂದು ಗೆರೆಯೆಳೆದು ನೆಲದವರೆಗೆ ಚಾಚಿದರೆ, ಅದು ಟೈರು ನೆಲವನ್ನು ಮುಟ್ಟುವ ಜಾಗಕ್ಕಿಂತ ತುಸು ಮುಂದೆ ನೆಲಕ್ಕೆ ತಾಗುತ್ತದೆ. ಈ ಎರಡು ಬಿಂದುಗಳ ನಡುವಣ ಅಂತರಕ್ಕೆ ಯಂತ್ರಜ್ಞರು ‘ಟ್ರೇಲ್’ ಎನ್ನುತ್ತಾರೆ. ಮನೆಯ ಮಕ್ಕಳು ಒಂದು ದಾರ, ಒಂದು ಅಳತೆಪಟ್ಟಿ ಹಿಡಿದು ರಜೆಯ ದಿನ ಇದನ್ನು ಅಳೆದು ನೋಡಬಹುದು. ಒಂಟಿಯಾಗಿ ಓಡುವ ಮೋಟಾರ್ ಸೈಕಲ್ಲಿನಲ್ಲಿ ಈ ಅಂತರ ಸಾಮಾನ್ಯವಾಗಿ 4 ಅಂಗುಲದ ಆಸುಪಾಸಿನಲ್ಲಿರುತ್ತದೆ.

ಚಕ್ರ ಕಲ್ಲಿಗೋ ಗುಂಡಿಗೋ ತಾಗಿ ಒಂದು ಪಕ್ಕಕ್ಕೆ ಹೊರಳಿತೆನ್ನೋಣ. ನೆಲದ ಎಳೆತ ಅದನ್ನು ಮತ್ತೆ ನೇರಕ್ಕೆ ತರುತ್ತದೆ. ಆದರೆ ಬಂದ ರಭಸದಲ್ಲಿ ಅದು ನೇರದಲ್ಲಿ ನಿಲ್ಲದೆ ಆಚೆಯ ಪಕ್ಕಕ್ಕೆ ಹೊರಳುತ್ತದೆ. ಅಲ್ಲಿಂದ ಮತ್ತೆ ಈಚೆಗೆ. ಎರಡೇ ಚಕ್ರಗಳಿದ್ದಾಗ ಗಾಡಿ ಒಂದಿಷ್ಟು ಓಲಾಡಿ ಆ ಶಕ್ತಿಯನ್ನು ತನ್ನಲ್ಲೇ ಕರಗಿಸಿಕೊಳ್ಳುತ್ತದೆ. ಪಕ್ಕದಲ್ಲಿ ಸೈಡ್‌ಕಾರನ್ನು ಬಿಗಿದ ಮೇಲೆ ಓಲಾಡುವ ಸ್ವಾತಂತ್ರ್ಯ ಹೋಯಿತು. ಮೈ ಕಟ್ಟಿಹಾಕಿದ ಮೇಲೆ ಕುಣಿತವೆಲ್ಲ ಕತ್ತಿಗೆ ಬಂದಿತು. ವೇಗವನ್ನು ಇಳಿಸುವಾಗ ಭಾರ ಮುಂದಕ್ಕೆ ವಾಲುವುದರಿಂದ ಆಗಲೇ ಉಪದ್ರವ ಹೆಚ್ಚು. ಆದುದರಿಂದ ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳಬೇಕು: ಒಂಟಿ ಓಟಕ್ಕೆಂದು ನಿರ್ಮಿತವಾದ ಗಾಡಿಗೆ ಸೈಡ್‌ಕಾರ್ ಕಟ್ಟಿದಾಗ, ಎಲ್ಲ ಭಾಗಗಳೂ ಸುಸ್ಥಿತಿಯಲ್ಲಿದ್ದರೂ, ನಿಧಾನದ ವೇಗದಲ್ಲಿ ಕಿಂಚಿತ್ ನಡುಕ ಸ್ವಾಭಾವಿಕ. ಈ ಕಿಂಚಿತ್ ನಡುಕದ ಮರೆಯಲ್ಲಿ ಅಪಾಯಕಾರಿಯಾದ ಸಡಿಲವೊಂದು ಅಡಗಿದೆಯೋ ಇಲ್ಲವೋ ಎಂಬುದನ್ನು ಪತ್ತೆಹಚ್ಚುವುದೇ ಕಷ್ಟದ ಕೆಲಸ. ಬಹುಮಂದಿ ಎಡವುವುದೂ ಇಲ್ಲಿಯೇ.

ತುಮಕೂರಿನಲ್ಲಿ ವಾಸ, ಗುಬ್ಬಿಯಲ್ಲಿ ಹೆಂಡತಿಯ ತವರು, ಕುಣಿಗಲ್ಲಿನಲ್ಲಿ ತಂಗಿಯ ಮನೆ ಇರುವ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ತಂದೆಯ ಕಾಲದ ಬುಲೆಟ್ಟು, ಅದಕ್ಕೊಂದು ಸೈಡ್‌ಕಾರ್. ವೃದ್ಧ ತಾಯಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗದು. ಎಡೆಯೂರಿನ ಸಿದ್ಧಲಿಂಗೇಶ್ವರನಿಗೆ ಹರಕೆಯೊಂದು ಬಾಕಿಯಿದೆ. ಹ್ಯಾಂಡಲ್ಲು ನಡುಗುತ್ತದೆಂದು ಅವನು ಬಿ.ಎಚ್. ರಸ್ತೆಯ ಆಚೀಚೆ ಯಾವುದಾದರೊಂದು ಗ್ಯಾರೇಜಿಗೆ ಹೋದರೆ ದೊರೆಯುವ ಮೊದಲ ಉತ್ತರ ಇದು:

“ಏನಿಲ್ಲ ಸಾರ್, ಕೋನ್ ಸೆಟ್ ಲೂಸ್ ಆಗೈತೆ. ಟೈಟ್ ಮಾಡ್ಕೊಡ್ತೀನಿ, ಹತ್ತು ನಿಮಿಷ.”

ಹತ್ತು ನಿಮಿಷದಲ್ಲಿ ಹ್ಯಾಂಡಲ್ಲಿನ ಕತ್ತಿನ ನಟ್ಟನ್ನು ಬಲವಾಗಿ ಬಿಗಿದು ಕೊಡುತ್ತಾರೆ. ಆಶ್ಚರ್ಯವೆಂದರೆ, ನಡುಕ ನಿಂತೂ ಬಿಡುತ್ತದೆ! ಗೃಹಸ್ಥ ಸಂತುಷ್ಟನಾಗಿ ಮನೆಗೆ ಮರಳುತ್ತಾನೆ. ನಿಂತದ್ದು ಹೇಗೆಂದರೆ, ಕತ್ತಿನೊಳಗಿನ ಉಕ್ಕಿನ ಗುಂಡುಗಳು ಉರುಳಲಾರದೆ ಉಜ್ಜಾಡುತ್ತಿವೆ. ಆ ಉಜ್ಜಾಟವೇ ನಡುಕವನ್ನು ಅದುಮಿ ಹಿಡಿದಿದೆ. ಕೆಲವು ವಾರಗಳಲ್ಲಿ ಆ ಗುಂಡುಗಳು ತಾವು ಕುಳಿತ ಬಟ್ಟಲಿನಲ್ಲಿ ಪುಟ್ಟ ಪುಟ್ಟ ಗುಳಿಗಳನ್ನು ಕೊರೆದುಕೊಳ್ಳುತ್ತವೆ. ಹ್ಯಾಂಡಲ್ಲು ನೇರಕ್ಕೆ ಬಂದಾಗಲೆಲ್ಲ ಆ ಗುಳಿಯಲ್ಲಿ ಸಿಕ್ಕಿ ‘ಟಕ್’ ಎನ್ನುತ್ತದೆ. ಸಣ್ಣ ತಿದ್ದುಪಡಿಗೆ ಮಣಿಯದೆ ಗಾಡಿ ರಸ್ತೆಯ ಅಗಲಕ್ಕೆಲ್ಲ ತೇಲಾಡುತ್ತದೆ. ಆಮೇಲೆ ನಡುಕ ಮರಳಿ ಬರುತ್ತದೆ, ಈ ಸಲ ಬಡ್ಡಿಸಮೇತ.

ಕುಣಿಗಲ್ಲು ಟಿಪ್ಪುವಿನ ಕಾಲದಿಂದಲೂ ಕುದುರೆಗಳ ಊರು. ಜೀನಿನ ಕೆಳಗೆ ಮುಳ್ಳು ಸಿಕ್ಕಿ ಕುದುರೆ ತಲೆ ಕೊಡವುತ್ತಿದ್ದರೆ ಅಲ್ಲಿನ ಸಾಕುವವರು ಲಗಾಮನ್ನು ಇನ್ನಷ್ಟು ಜಗ್ಗಿ ಸುಮ್ಮನಾಗುವವರಲ್ಲ. ಜೀನು ಬಿಚ್ಚಿ ನೋಡುತ್ತಾರೆ. ಯಂತ್ರದ ವಿಷಯದಲ್ಲಿ ಮಾತ್ರ ಲಗಾಮು ಜಗ್ಗುವ ಚಿಕಿತ್ಸೆಗೇ ಗಿರಾಕಿಗಳು ಹೆಚ್ಚು.

ನಮ್ಮ ಗೃಹಸ್ಥನಿಗೆ ಅದೃಷ್ಟವಿದ್ದರೆ ವಯಸ್ಸಾದ ಮೇಸ್ತ್ರಿಯೊಬ್ಬರು ಸಿಕ್ಕಾರು.

“ಮೊದ್ಲು ಮುಂದಿನ ಚಕ್ರ ಎತ್ತಿ ನೋಡಾಣಪ್ಪ. ನಟ್ಟು ಬಿಗಿಯೋದು ಆಮೇಲೆ.”

“ಅಮ್ಮನ್ನ ಎಡೆಯೂರಿಗೆ ಕರ್ಕೊಂಡು ಹೋಗ್ಬೇಕು ಮೇಸ್ತ್ರಿಗಳೇ. ನಾಳೆ ಹೊತ್ತಿಗೆ ಆಗ್ತದಾ?”

“ಅಮ್ಮ ಕೂರೋ ಗಾಡಿ ಅಂತ ನೀನೇ ಹೇಳ್ತೀಯ. ನಾಳೆಗೆ ಆಗಲ್ಲ.”

ಎಂಜಿನ್ನಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿದ ಮೇಲೆ, ಹತ್ತು ಕೈಬೆರಳುಗಳೇ ಪರೀಕ್ಷಾಯಂತ್ರ. ಫೋರ್ಕಿನ ತುದಿಗಳನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಜಗ್ಗಿದಾಗ ಕತ್ತಿನ ಬಳಿ ‘ಕಟಕ್’ ಎಂದರೆ ಅಲ್ಲಿ ಸಡಿಲವಿದೆ. ಹ್ಯಾಂಡಲ್ಲನ್ನು ಮೆಲ್ಲನೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸುವಾಗ ಬೆಣ್ಣೆಯಲ್ಲಿ ಸರಿದಂತೆ ಸರಿಯಬೇಕು. ನಡುವೆ ಎಲ್ಲಿಯಾದರೂ ಕಚ್ಚಿದರೆ ಗುಳಿ ಬಿದ್ದಿದೆಯೆಂದು ಅರ್ಥ. ಗುಳಿ ಬಿದ್ದ ಕೋನ್ ಸೆಟ್ಟಿಗೆ ಗ್ರೀಸು ಹಚ್ಚಿ ಸಮಾಧಾನ ಹೇಳುವುದು ವ್ಯರ್ಥ, ಅದನ್ನು ಬದಲಾಯಿಸಬೇಕು. ಸಡಿಲವೂ ಇಲ್ಲದ, ಬಿಗಿತವೂ ಇಲ್ಲದ ಆ ಒಂದು ನಡುನೆಲೆಯಲ್ಲಿ ನಟ್ಟನ್ನು ನಿಲ್ಲಿಸಬೇಕು. ಬಳಿಕ ಚಕ್ರವನ್ನು ತಿರುಗಬಿಟ್ಟು, ಫೋರ್ಕಿಗೆ ಒಂದು ಕಡ್ಡಿಯನ್ನು ಆನಿಸಿ ಹಿಡಿದರೆ ರಿಮ್ಮು ಸೊಟ್ಟಗಾಗಿದೆಯೇ ಎಂಬುದು ಗೊತ್ತಾಗುತ್ತದೆ. ಸ್ಪೋಕ್ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಬೇಕು. ಸಡಿಲವಾದದ್ದು ಮೊದ್ದು ದನಿ ಕೊಡುತ್ತದೆ. ಚಕ್ರದ ಬೇರಿಂಗು, ಹಿಂದಿನ ಸ್ವಿಂಗ್ ಆರ್ಮಿನ ಬುಷ್ಷು, ಇವುಗಳ ಸಡಿಲವೂ ಕೊನೆಗೆ ಹ್ಯಾಂಡಲ್ಲಿನಲ್ಲಿಯೇ ಕಾಣಿಸಿಕೊಳ್ಳುವುದುಂಟು.

ಟೈರಿನ ವಿಚಾರ ಪ್ರತ್ಯೇಕವಾಗಿ ಹೇಳತಕ್ಕದ್ದು. ಒಂಟಿ ಗಾಡಿ ತಿರುವಿನಲ್ಲಿ ವಾಲುವುದರಿಂದ ಅದರ ಟೈರು ದುಂಡಗೆ ಸವೆಯುತ್ತದೆ. ಸೈಡ್‌ಕಾರಿನ ಗಾಡಿ ವಾಲುವುದೇ ಇಲ್ಲ. ಟೈರಿನ ನಡುಭಾಗ ರೊಟ್ಟಿ ತಟ್ಟಿದಂತೆ ಚಪ್ಪಟೆಯಾಗುತ್ತದೆ. ಹೂವು ಇನ್ನೂ ಉಳಿದಿದೆಯೆಂದು ಚಪ್ಪಟೆಯಾದ ಟೈರನ್ನು ಮುಂದೆ ಇಟ್ಟುಕೊಂಡವರಿಗೆ ನಡುಕ ಶತಸ್ಸಿದ್ಧ. ಗಾಳಿ ಕಡಿಮೆಯಾದರೂ ಅದೇ ಫಲ. ಟೈರು ತಯಾರಕರ ಮಿತಿಯೊಳಗೆ ಎರಡು ಮೂರು ಪೌಂಡು ಹೆಚ್ಚಿಸಿ ಓಡಿಸಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪ್ರಯೋಗ. ಪಂಕ್ಚರ್ ಅಂಗಡಿಯವನಿಗೆ ಕೊಡುವ ಚಿಲ್ಲರೆಯಲ್ಲಿ ಮುಗಿಯುತ್ತದೆ. ಎಷ್ಟೋ ಗಾಡಿಗಳ ಕಾಯಿಲೆ ಇಷ್ಟರಿಂದಲೇ ಅರ್ಧ ಇಳಿದುಹೋಗುತ್ತದೆ.

ಮುಂದಿನದು ಸೈಡ್‌ಕಾರಿನ ಜೋಡಣೆ. ಮೊದಲು ಅದನ್ನು ಹಿಡಿದಿರುವ ಬೋಲ್ಟುಗಳೂ ಕ್ಲಾಂಪುಗಳೂ ಭದ್ರವಾಗಿರಬೇಕು. ಬಣ್ಣದ ಕೆಳಗೆ ಕೂದಲೆಳೆಯಂತಹ ಬಿರುಕು ಕಂಡರೆ ಆ ದಿನ ಗಾಡಿ ಹೊರಡಬಾರದು. ಬಳಿಕ ಮಟ್ಟಸವಾದ ಸಿಮೆಂಟು ನೆಲದ ಮೇಲೆ ಗಾಡಿಯನ್ನು ನಿಲ್ಲಿಸಿ, ಸವಾರನ ಜಾಗದಲ್ಲಿ ಸವಾರನನ್ನೂ ಸೈಡ್‌ಕಾರಿನಲ್ಲಿ ಒಬ್ಬರನ್ನೂ ಕೂರಿಸಬೇಕು. ಖಾಲಿ ಗಾಡಿಯ ಅಳತೆ ತುಂಬಿದ ಗಾಡಿಗೆ ಒಗ್ಗುವುದಿಲ್ಲ. ಮೋಟಾರ್ ಸೈಕಲ್ಲಿನ ಎರಡು ಚಕ್ರಗಳಿಗೆ ತಾಗಿದಂತೆ ನೇರವಾದ ಒಂದು ಉದ್ದ ಹಲಗೆ, ಸೈಡ್‌ಕಾರಿನ ಚಕ್ರಕ್ಕೆ ತಾಗಿದಂತೆ ಇನ್ನೊಂದು. ಎರಡೂ ಹಲಗೆಗಳ ನಡುವಣ ಅಂತರವನ್ನು ಹಿಂದೆಯೂ ಮುಂದೆಯೂ ಅಳೆದರೆ, ಮುಂದಿನ ಅಂತರ 12ರಿಂದ 20 ಮಿಲಿಮೀಟರ್ ಕಡಿಮೆಯಿರಬೇಕು. ಎಂದರೆ ಸೈಡ್‌ಕಾರಿನ ಚಕ್ರ ಎಳ್ಳಷ್ಟು ಒಳಮುಖವಾಗಿರಬೇಕು. ಪಕ್ಕದ ಭಾರ ಗಾಡಿಯನ್ನು ಸದಾ ಎಡಕ್ಕೆ ಎಳೆಯುವುದನ್ನು ಈ ಒಳಮುಖ ಸರಿದೂಗಿಸುತ್ತದೆ. ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಿ ಇನ್ನೂ ತಿರುಗಿಸಿದರೆ ಟೈರು ನೆಲವನ್ನು ಉಜ್ಜುತ್ತ ಸವೆಯುತ್ತದೆ, ಉಜ್ಜಾಟ ನಡುಕವನ್ನು ಎಬ್ಬಿಸುತ್ತದೆ.

ಗಾರೆ ಕೆಲಸದವರ ತೂಗುಗುಂಡನ್ನು ಎರವಲು ತಂದು ಮೋಟಾರ್ ಸೈಕಲ್ಲಿನ ನಿಲುವನ್ನೂ ನೋಡಬೇಕು. ಅದು ನೆಟ್ಟಗಿರದೆ ಸೈಡ್‌ಕಾರಿಗೆ ವಿಮುಖವಾಗಿ, ನಮ್ಮ ದೇಶದಲ್ಲಾದರೆ ಬಲಕ್ಕೆ, ಒಂದೆರಡು ಡಿಗ್ರಿ ವಾಲಿರಬೇಕು. ರಸ್ತೆಯ ಎಡ ಅಂಚು ಚರಂಡಿಯ ಕಡೆಗೆ ಇಳಿಜಾರಾಗಿರುವುದರಿಂದ ಈ ವಾಲು ಅವಶ್ಯ. ಸೈಡ್‌ಕಾರಿನ ಚಕ್ರದ ಅಚ್ಚು ಹಿಂದಿನ ಚಕ್ರದ ಅಚ್ಚಿಗಿಂತ ಸುಮಾರು ಒಂದು ಗೇಣು ಮುಂದಿರುವುದು ವಾಡಿಕೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಓಡಿಸಿ ನೋಡಿ, ಅಳತೆಯನ್ನು ಬರೆದಿಟ್ಟುಕೊಳ್ಳಬೇಕು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ಧನ್ವಂತರಿಗೂ ತಿಳಿಯದು.

ಇಷ್ಟೆಲ್ಲ ಆದ ಮೇಲೂ ಉಳಿಯುವ ನಡುಕಕ್ಕೆ ಡ್ಯಾಂಪರ್ ಎಂಬುದು ನ್ಯಾಯವಾದ ಔಷಧ. ಹಳೆಯ ಗಾಡಿಗಳಲ್ಲಿ ಹ್ಯಾಂಡಲ್ಲಿನ ನಡುಮಧ್ಯೆ ಒಂದು ತಿರುಗುಬಿರಡೆಯಿರುತ್ತಿತ್ತು. ಅದನ್ನು ತಿರುಗಿಸಿದರೆ ಒಳಗಿನ ಬಿಲ್ಲೆಗಳು ಒಂದಕ್ಕೊಂದು ಒತ್ತಿ ಹ್ಯಾಂಡಲ್ಲು ಗಡುಸಾಗುತ್ತಿತ್ತು. ಈಗ ಎಣ್ಣೆ ತುಂಬಿದ ಪುಟ್ಟ ಕೊಳವೆಯ ರೂಪದಲ್ಲಿಯೂ ಅದು ಬರುತ್ತದೆ. ಎಣ್ಣೆಯದರ ಗುಣವೇನೆಂದರೆ, ಮೆಲ್ಲನೆ ತಿರುಗಿಸಿದಾಗ ಅಡ್ಡಿ ಮಾಡದೆ ಸರಿಯುತ್ತದೆ, ಹಠಾತ್ತನೆ ಅದುರಿದಾಗ ಮಾತ್ರ ತಡೆಯುತ್ತದೆ. ಅದನ್ನು ಕಟ್ಟಿದ ಮೇಲೆ ಹ್ಯಾಂಡಲ್ಲು ಎರಡು ಕೊನೆಗಳಿಗೂ ಪೂರ್ತಿ ತಿರುಗುತ್ತದೆಯೇ ಎಂದು ನೋಡಿಕೊಳ್ಳಬೇಕು. ಸಡಿಲವಾದ ಕತ್ತಿನ ಮೇಲೆ ಡ್ಯಾಂಪರನ್ನು ಕಟ್ಟುವುದು ಜ್ವರದ ರೋಗಿಯಿಂದ ಥರ್ಮಾಮೀಟರನ್ನು ಕಸಿದುಕೊಂಡಂತೆ.

ಬೇರಿನ ಚಿಕಿತ್ಸೆ ಬೇರೆಯೇ ಇದೆ. ಆ 4 ಅಂಗುಲದ ಟ್ರೇಲನ್ನು 2 ಅಂಗುಲದ ಸನಿಹಕ್ಕೆ ಇಳಿಸಿದರೆ ನಡುಕವೂ ಅಡಗುತ್ತದೆ, ಹ್ಯಾಂಡಲ್ಲು ತಿರುಗಿಸಲು ಬೇಕಾದ ತೋಳಿನ ಬಲವೂ ಎಷ್ಟೋ ಕಡಿಮೆಯಾಗುತ್ತದೆ. ಇಂಗ್ಲೆಂಡಿನ ವಿನ್ಸೆಂಟ್ ಕಂಪನಿ ತನ್ನ ಫೋರ್ಕಿನಲ್ಲಿಯೇ ಒಂಟಿ ಓಟಕ್ಕೊಂದು, ಸೈಡ್‌ಕಾರಿಗೊಂದು ಎಂದು ಎರಡು ನೆಲೆಗಳನ್ನು ಇರಿಸಿತ್ತು. ಜರ್ಮನಿಯ ಬಿ.ಎಂ.ಡಬ್ಲ್ಯು. 1955ರಿಂದ 1969ರವರೆಗೆ ಬಳಸಿದ ಅರ್ಲ್ಸ್ ಫೋರ್ಕಿನಲ್ಲಿಯೂ ಇಂತಹದೇ ಏರ್ಪಾಡಿತ್ತು: ಕೀಲಿನ ಬೋಲ್ಟನ್ನು ಒಂದು ರಂಧ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಟ್ರೇಲ್ ತಗ್ಗುತ್ತಿತ್ತು. ಸೈಡ್‌ಕಾರಿಗೆಂದೇ ಹುಟ್ಟಿದ ರಷ್ಯದ ಉರಲ್ ಗಾಡಿಯ ಮುಂಗಾಲಿನ ವಿನ್ಯಾಸವೂ ಇದೇ ತತ್ತ್ವದ್ದು. ಬುಲೆಟ್ಟಿನ ಸಾಧಾರಣ ಫೋರ್ಕಿನಲ್ಲಿ ಈ ಸೌಕರ್ಯವಿಲ್ಲ. ಹಾಗೆಂದು ವೆಲ್ಡಿಂಗ್ ಅಂಗಡಿಯಲ್ಲಿ ಚಾಸಿಯ ಕತ್ತು ಕೊಯ್ದು ಓರೆ ತಿದ್ದಿಸಿಕೊಳ್ಳುವ ಸಾಹಸಕ್ಕೆ ಯಾರೂ ಇಳಿಯಬಾರದು. ಆ ಬೆಸುಗೆಯ ಮೇಲೆ ಇಡೀ ಸಂಸಾರ ಕುಳಿತಿರುತ್ತದೆ. ಅಲ್ಲದೆ 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣದಂತೆ ವಾಹನದ ಮೂಲರೂಪವನ್ನು ಮನಬಂದಂತೆ ಬದಲಾಯಿಸುವಂತಿಲ್ಲ. ಹೊಸದಾಗಿ ಸೈಡ್‌ಕಾರ್ ಜೋಡಿಸುವವರೂ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯುವುದು ಲೇಸು.

ಪಕ್ಕದಲ್ಲಿ ಕುಳಿತವರ ಭಾರವೂ ಚಾಲನೆಯ ಒಂದು ಅಂಗವೇ. 1949ರಲ್ಲಿ ಸೈಡ್‌ಕಾರುಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಎರಿಕ್ ಆಲಿವರ್ ಗೆದ್ದದ್ದು ಡೆನಿಸ್ ಜೆಂಕಿನ್‌ಸನ್ ಎಂಬ ಜೊತೆಗಾರನೊಂದಿಗೆ. ತಿರುವು ಬಂದಾಗಲೆಲ್ಲ ಜೊತೆಗಾರ ಮೈಯನ್ನು ಹೊರಚಾಚಿ ಗಾಡಿಯ ತೂಕವನ್ನು ಸರಿದೂಗಿಸುವುದು ಆ ಪಂದ್ಯಗಳ ಪರಿಪಾಠ. ಗುಬ್ಬಿಗೆ ಹೊರಟ ಅತ್ತೆಯವರಿಂದ ಅದನ್ನು ನಿರೀಕ್ಷಿಸಲಾಗದು. ಆದಕಾರಣ ಎಡತಿರುವುಗಳಲ್ಲಿ, ವಿಶೇಷವಾಗಿ ಸೈಡ್‌ಕಾರ್ ಖಾಲಿಯಿರುವಾಗ, ನಿಧಾನವೇ ಗತಿ. ಖಾಲಿ ಸೈಡ್‌ಕಾರಿನ ಚಕ್ರ ಎಡತಿರುವಿನಲ್ಲಿ ನೆಲಬಿಟ್ಟು ಮೇಲೇಳುತ್ತದೆ. ಹೊಸಬರು ಅದರೊಳಗೆ ಒಂದು ಮರಳಿನ ಮೂಟೆಯನ್ನು ಹಾಕಿಕೊಂಡು ಅಭ್ಯಾಸ ಮಾಡುವುದು ಕ್ಷೇಮ.

ಓಟದ ನಡುವೆ ನಡುಕ ಹತ್ತಿದರೆ ಮಾಡತಕ್ಕದ್ದೇನು? ಮೊದಲು ಮಾಡಬಾರದ್ದನ್ನು ಹೇಳಬೇಕು. ಗಾಬರಿಯಿಂದ ಬ್ರೇಕನ್ನು ಬಲವಾಗಿ ಒತ್ತಬಾರದು. ಸೈಡ್‌ಕಾರಿನ ಚಕ್ರಕ್ಕೆ ಸಾಮಾನ್ಯವಾಗಿ ಬ್ರೇಕಿಲ್ಲ. ಮೋಟಾರ್ ಸೈಕಲ್ಲು ನಿಂತರೂ ಎಡಗಡೆಯ ಭಾರ ಮುಂದಕ್ಕೆ ನುಗ್ಗುತ್ತದೆ, ಇಡೀ ಗಾಡಿ ಬಲಕ್ಕೆ ಹೊರಳುತ್ತದೆ. ಬಲಕ್ಕೆ ಎಂದರೆ ಎದುರಿನಿಂದ ಬರುತ್ತಿರುವ ಲಾರಿಯ ಕಡೆಗೆ. ಎರಡು ಕೈಗಳಿಂದಲೂ ಹ್ಯಾಂಡಲ್ಲನ್ನು ದೃಢವಾಗಿ, ಆದರೆ ಮೊಣಕೈ ಸೆಟೆಸದೆ ಹಿಡಿದು, ಆ ಕ್ಷಣದ ವೇಗದಿಂದ ಮೆಲ್ಲನೆ ಹೊರಬರಬೇಕು. ರಸ್ತೆ ಬಿಡುವಾಗಿದ್ದರೆ ತುಸು ವೇಗ ಕೊಟ್ಟು, ಇಲ್ಲವಾದರೆ ಥ್ರಾಟಲನ್ನು ನಿಧಾನವಾಗಿ ಇಳಿಸಿ, ಹಿಂದಿನ ಬ್ರೇಕನ್ನು ಹಗುರವಾಗಿ ತಾಗಿಸಿ.

ದುರಸ್ತಿಯಾದ ಗಾಡಿಯ ಮೊದಲ ಪರೀಕ್ಷೆಗೆ ತಾಯಿಯನ್ನು ಕೂರಿಸುವುದು ತರವಲ್ಲ. ಅವರ ತೂಕದಷ್ಟೇ ಮರಳಿನ ಮೂಟೆಯನ್ನು ಕೂರಿಸಿ, ಬೆಳಗಿನ ಜನಸಂಚಾರವಿಲ್ಲದ ವೇಳೆಯಲ್ಲಿ ತುಮಕೂರಿನಿಂದ ಹೆಬ್ಬೂರಿನವರೆಗೆ ಕುಣಿಗಲ್ಲಿನ ದಾರಿಯಲ್ಲಿ ಹೋಗಿಬರಬಹುದು. ನೇರವಾದ ನಿರ್ಜನ ರಸ್ತೆಯಲ್ಲಿ 50ರಿಂದ 20ರವರೆಗೆ ವೇಗವನ್ನು ಮೆಲ್ಲನೆ ಇಳಿಸುತ್ತ, ಕೈಬಿಡದೆ, ಹಿಡಿತವನ್ನು ಮಾತ್ರ ಸಡಿಲಿಸಿ ನೋಡಬೇಕು. ಹಿಂದಿರುಗಿದೊಡನೆ ಸೈಡ್‌ಕಾರಿನ ಪ್ರತಿಯೊಂದು ಬೋಲ್ಟಿಗೂ ಸ್ಪ್ಯಾನರ್ ಹಾಕಿ ನೋಡಬೇಕು. ಹೊಸ ಜೋಡಣೆ ಮೊದಲ ಓಟದಲ್ಲಿ ಅಲ್ಪಸ್ವಲ್ಪ ಜಗ್ಗಿಕೊಳ್ಳುತ್ತದೆ. ಎಡೆಯೂರಿಗೆ ಹೋಗಿಬಂದ ಮೇಲೆ ಇನ್ನೊಮ್ಮೆ, ಅಲ್ಲಿಂದಾಚೆಗೆ 500 ಕಿಲೋಮೀಟರಿಗೊಮ್ಮೆ.